‘ಕೆಟ್ಟೈತಿ’ ಅನ್ನಗೊಡದ ಚೆನ್ನಬಸಮ್ಮ ಟೀಚರ್

ಒಂದು ಬೆಳಿಗ್ಗೆ ಬಿಸಿಯೂಟದ ಅಕ್ಕಿ ಆರಿಸುತ್ತಾ ಕೂತಿದ್ದಾಗ ಹೆಡ್‌ಮಾಸ್ಟರ್ ಪಂಪಣ್ಣನವರು ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತರು.

“ಎರ್ರೆಮ್ಮ, ಮೊರ ಕೆಳಗಿಡು. ಚೆನ್ನಬಸಮ್ಮ ಟೀಚರ್ ಬೀಳ್ಕೊಡುಗೆ ಪುಸ್ತಕಕ್ಕ ನೀನೂ ಎರಡು ಪುಟ ಬರೀಬೇಕು.”

“ನಾನಾ? ಸಾಂಬಾರಿಗೆ ಉಪ್ಪು ಹಾಕಾದು ಬಿಟ್ರ ನನಗೇನು ಗೊತ್ತೈತ್ರಿ ಸರ?”

“ಬರೆಯೋದ್ರಾಗೂ ಉಪ್ಪು ಹೆಚ್ಚಾಗದಂಗ ನೋಡ್ಕೋ, ಸಾಕು,” ಎಂದು ನಕ್ಕು ಹೋದರು. ಅಂದಿನಿಂದ ಒಲೆಗೂ ಹಾಳೆಗೂ ನಡುವೆ ಓಡಾಡುತ್ತಾ ಬರೆಯುತ್ತಿದ್ದೇನೆ. ಅಲ್ಲಲ್ಲಿ ಅರಿಸಿನದ ಕಲೆ ಕಂಡರೆ ಸಂಪಾದಕರು ಮನ್ನಿಸಬೇಕು.

ಸಂಡೂರು ತಾಲೂಕಿನ ಶಾಲೆಗಳಲ್ಲಿ ಮೂವತ್ತಾರು ವರ್ಷ ವಿಜ್ಞಾನ ಕಲಿಸಿ, ಇದೇ ತಿಂಗಳು ನಿವೃತ್ತರಾಗುತ್ತಿರುವ ಚೆನ್ನಬಸಮ್ಮನವರ ಪಾಠದ ಬಗ್ಗೆ, ಪ್ರಶಸ್ತಿಗಳ ಬಗ್ಗೆ, ಅವರು ಈ ವರ್ಷ ಕಟ್ಟಿದ ಕಂಪ್ಯೂಟರ್ ಕೋಣೆಯ ಬಗ್ಗೆ ಈ ಸಂಪುಟದಲ್ಲಿ ಬಲ್ಲವರು ಬರೆದಿರುತ್ತಾರೆ. ನಾನು ಅವರ ವಿದ್ಯಾರ್ಥಿನಿ, ಅವರ ಶಾಲೆಯ ಅಡುಗೆಯವಳು, ಮತ್ತು ದುರ್ಗಾಳ ತಾಯಿ. ಈ ಮೂರೂ ಕಡೆಯಿಂದ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಬಂಡ್ರಿಯ ಶಾಲೆಯಲ್ಲಿ ನಾನು ಆರನೇ ಇಯತ್ತೆಯಲ್ಲಿದ್ದಾಗ ಅವರು ನಮ್ಮ ಕೈಗೆ ಒಂದೊಂದು ಟಾರ್ಚ್ ಸೆಲ್ಲು, ಒಂದು ಸಣ್ಣ ಬಲ್ಬು, ಎರಡು ತುಂಡು ವೈರು ಕೊಟ್ಟಿದ್ದರು. ನನ್ನ ಬಲ್ಬು ಹತ್ತಲಿಲ್ಲ. “ಕೆಟ್ಟೈತ್ರಿ ಟೀಚರ್,” ಎಂದೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಂಚುಗಳ ನಡುವೆ ಸುತ್ತುತ್ತಿದ್ದವರು ತಟ್ಟನೆ ನಿಂತರು. “ಆ ಮಾತು ನನ್ನ ಕ್ಲಾಸಿನಾಗ ಬ್ಯಾಡ. ಕೆಟ್ಟೈತಿ ಅಂದ್ರ ಮುಗೀತು, ಮುಂದ ಹುಡುಕೋದಿಲ್ಲ. ಕರೆಂಟು ಎಲ್ಲೀತನ ಬಂದೈತಿ ಹೇಳು.” ನಾನು ಸೆಲ್ಲಿನಿಂದ ಬೆರಳಿಟ್ಟುಕೊಂಡು ಹೊರಟೆ. ವೈರಿನ ಕೊನೆಗೆ ಮೆತ್ತಿದ್ದ ಕೆಂಪು ಧೂಳನ್ನು ಉಗುರಿನಿಂದ ಕೆರೆದಾಗ ಬಲ್ಬು ಹತ್ತಿತು. ಏಳನೆಯದಕ್ಕೆ ಶಾಲೆ ಬಿಟ್ಟು ಅದಿರು ಆರಿಸಲು ಹೋದ ನನ್ನನ್ನು ಹುಡುಕಿಕೊಂಡು ಗುಡ್ಡಕ್ಕೇ ಬಂದು, ಮನೆಯಲ್ಲಿ ಕೂರಿಸಿಕೊಂಡು ಓದಿಸಿ, ಎಸ್ಸೆಸ್ಸೆಲ್ಸಿ ಕಟ್ಟಿಸಿದವರೂ ಅವರೇ. ಮುಂದೆ ಸಂಡೂರಿಗೆ ವರ್ಗವಾಗಿ ಬಂದು ಈ ಅಡುಗೆಕೆಲಸ ಕೊಡಿಸಿದವರೂ ಅವರೇ.

ಅವರು ಒಂದು ಕಡೆ ಕೂತದ್ದನ್ನು ನಾನು ನೋಡಿಲ್ಲ. ಅಡುಗೆಕೋಣೆಗೆ ಬಂದರೂ ನಿಂತೇ ಚಹಾ ಕುಡಿಯುತ್ತಾರೆ, ಕುಡಿಯುತ್ತಾ ನಲ್ಲಿಯ ವಾಷರ್ ತಿರುಗಿಸುತ್ತಾರೆ. ಗಣಿ ಕಂಪನಿಯವರು ಶಾಲೆಗೆ ಬೆಂಚು, ನೀರಿನ ಟ್ಯಾಂಕು, ಊಟದ ತಟ್ಟೆಗಳ ಜೊತೆ ತಮ್ಮ ಒಂದು ಹಳೆಯ ಲ್ಯಾಪ್‌ಟಾಪನ್ನೂ ದಾನ ಕೊಟ್ಟಾಗ, ವಾರದೊಳಗೆ ಅದರಲ್ಲಿ, ದುಡ್ಡಿಲ್ಲದೆ ಸಿಗುವ, ಒಳಗನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಲಿನಕ್ಸ್ ತಂತ್ರಾಂಶ ಹಾಕಿ ಕನ್ನಡ ಮೂಡಿಸಿದರು. ಕಂಪನಿ ಕೊಟ್ಟ ಪ್ರತಿಯೊಂದರ ಮೇಲೂ ಅದರ ಹೆಸರಿನ ಮೊದಲಕ್ಷರಗಳಾದ ಎರಡು ಇಂಗ್ಲಿಷ್ ಎಂ ಇದ್ದವು: ಬೆಂಚಿನ ಬೆನ್ನಿಗೆ, ಟ್ಯಾಂಕಿನ ಹೊಟ್ಟೆಗೆ, ತಟ್ಟೆಯ ಅಂಚಿಗೆ, ಲ್ಯಾಪ್‌ಟಾಪಿನ ಮುಚ್ಚಳಕ್ಕೆ. ಆ ಎರಡು ಅಕ್ಷರ ನೋಡಿ ನೋಡಿ ನಮ್ಮ ಕಣ್ಣಿಗೆ ಅವು ಕಾಣುವುದೇ ನಿಂತುಹೋಗಿತ್ತು.

ನನ್ನ ದುರ್ಗಾಳಿಗೆ ಐದು ವರ್ಷವಿದ್ದಾಗ ಜ್ವರ ಬಂದು ಕಿವಿ ಮಂದವಾಯಿತು. ಮೊದಲು ಮಾಯವಾದದ್ದು ರೇಡಿಯೊ, ಆಮೇಲೆ ಶಾಲೆಯ ಗಂಟೆ, ಆಮೇಲೆ ನಾನು. ಎರಡು ವರ್ಷ ತಿರುಗಿ ಕಿವಿ ಮಷಿನ್ ಹಾಕಿಸಿದೆವು. ದಿನಾ ಮಾತು ಕೇಳಿಸಬೇಕು, ಮಷಿನ್ ತೆಗೆದಿಟ್ಟರೆ ಬಂದ ಮಾತೂ ಜಾರಿಹೋಗುತ್ತದೆ ಎಂದು ಬಳ್ಳಾರಿಯ ಡಾಕ್ಟರು ಎಚ್ಚರಿಸಿದ್ದರು. ಚೆನ್ನಬಸಮ್ಮನವರು ತಮ್ಮ ದನಿಯಲ್ಲೇ ನಾನೂರು ಪದ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿಗೆ ತುಂಬಿದರು: ಮನಿ, ಮಣಿ. ಮಣ್ಣು, ಹಣ್ಣು. ದುರ್ಗಾ ದಿನಾ ಮಧ್ಯಾಹ್ನ ಅದರ ಮುಂದೆ ಕೂತು, ಕೇಳಿ, ಸಣ್ಣಗೆ ಹೇಳುತ್ತಿದ್ದಳು. ಜೋರಾಗಿ ಮಾತಾಡಿದರೆ ಹುಡುಗರು ಅವಳ ದನಿ ಅಣಕಿಸುತ್ತಿದ್ದರು. ಅದಕ್ಕೆ ತರಗತಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು.

ಕಳೆದ ವರ್ಷ, ಅವಳು ಮೂರನೇ ಇಯತ್ತೆಯಲ್ಲಿದ್ದಾಗ, ಒಂದು ಸೋಮವಾರ ಲ್ಯಾಪ್‌ಟಾಪಿನ ದನಿ ನಿಂತಿತು. ಪರದೆಯ ಮೇಲೆ ಗೆರೆ ಓಡುತ್ತಿತ್ತು, ಶಬ್ದ ಮಾತ್ರ ಇಲ್ಲ.

ಸಂಡೂರಿನಲ್ಲಿ ಏನು ನಿಂತರೂ ತಪ್ಪನ್ನು ಗಣಿ ಧೂಳಿನ ಮೇಲೆ ಹಾಕುತ್ತೇವೆ. ನಾನು ಹಿಡಿಕಡ್ಡಿಗೆ ಹತ್ತಿ ಸುತ್ತಿ ಇಯರ್‌ಫೋನ್ ತೂತು ಒರೆಸಿದೆ. ಹತ್ತಿ ಕೆಂಪಾಯಿತು, ದನಿ ಬರಲಿಲ್ಲ. ಚೆನ್ನಬಸಮ್ಮನವರು ತಮ್ಮ ಹಾದಿ ಹಿಡಿದರು. ಅದೇ ಪದಗಳನ್ನು ಆಫೀಸಿನ ಕಂಪ್ಯೂಟರಿಗೆ ಹಾಕಿದರೆ ಅಲ್ಲಿ ಕೇಳಿತು, ಅಂದರೆ ರೆಕಾರ್ಡಿಂಗ್ ಸರಿ ಇದೆ. ಇಯರ್‌ಫೋನ್ ಸಿಕ್ಕಿಸಿದರೂ ಮೌನ, ಅಂದರೆ ಬರೀ ಸ್ಪೀಕರಿನ ದೋಷವಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಬರೆದು ಕೇಳಿದರೆ ಸೌಂಡ್ ಕಾರ್ಡು ತನ್ನ ಹೆಸರು ಹೇಳಿತು. “ಸತ್ತೋರು ಹೆಸರು ಹೇಳ್ತಾರೇನಲೇ ಎರ್ರಿ? ಇಲ್ಲೀತನ ಬಂದೈತಿ.” ಕೊನೆಗೆ ದನಿಯ ಏರಿಳಿತದ ಕಂಬಗಳ ಪರದೆ ತೆರೆದರು. ಎಲ್ಲ ಕಂಬವೂ ತುದಿಯ ತನಕ ತುಂಬಿತ್ತು. ದಿನಕ್ಕೆ ನಾಲ್ಕು ಸಲ ಬಂದು ಅದನ್ನೇ ನೋಡುವರು, ಬಳೆ ತಿರುಗಿಸುತ್ತಾ ಕೋಣೆ ಸುತ್ತುವರು, ಮತ್ತೆ ನೋಡುವರು.

ಇತ್ತ ನನಗೂ ಕೆಲಸದ ಮೇಲೆ ಗಮನ ನಿಲ್ಲುತ್ತಿರಲಿಲ್ಲ. ಒಂದು ದಿನ ಎರಡು ಸಲ ಉಪ್ಪು ಹಾಕಿದೆ, ಮರುದಿನ ಹಾಕಲೇ ಇಲ್ಲ. ದುರ್ಗಾ ಪಕ್ಕದಲ್ಲಿ ನಿಂತು ನಮ್ಮ ಮುಖಗಳನ್ನು ನೋಡುತ್ತಿದ್ದಳು. ಏನೋ ಒಂದು ಮಾತು ತುಟಿಯ ತನಕ ಬಂದು ಹಿಂದಕ್ಕೆ ಹೋಗುತ್ತಿತ್ತು. “ಸರಿ ಆಗ್ತೈತಿ ಬಿಡವ್ವ,” ಎನ್ನುತ್ತಿದ್ದೆ. ಏನು ಸರಿಯಾಗಬೇಕು ಎಂದು ನಾನೂ ಹೇಳಲಿಲ್ಲ, ಟೀಚರೂ ಹೇಳಲಿಲ್ಲ. ಶುಕ್ರವಾರ ಒಗ್ಗರಣೆಗೆಂದು ಸಾಸಿವೆ ಡಬ್ಬಿ ತೆರೆದರೆ ಒಳಗೆ ಅವಳ ಕಿವಿ ಮಷಿನ್. ಬಚ್ಚಿಟ್ಟು ಎರಡು ದಿನವಾಗಿತ್ತಂತೆ. ಯಾಕೆಂದು ಕೇಳಿದರೆ ಕಿವಿ ಮುಟ್ಟಿಕೊಂಡು ಗೋಡೆಯ ಕಡೆ ತಿರುಗಿದಳು.

ವಿಷಯ ತಿಳಿದ ಚೆನ್ನಬಸಮ್ಮನವರು ಭಾನುವಾರ ಲ್ಯಾಪ್‌ಟಾಪನ್ನು ಸೆರಗಿನಲ್ಲಿ ಸುತ್ತಿ, ನನ್ನನ್ನೂ ಕರೆದುಕೊಂಡು, ಅದಿರು ಲಾರಿಗಳ ಸಾಲಿನ ಹಿಂದೆ ತೆವಳುವ ಬಸ್ಸಿನಲ್ಲಿ ಹೊಸಪೇಟೆಗೆ ಹೊರಟರು. ಅಂಗಡಿಯ ಮೈಲಾರಲಿಂಗಪ್ಪ ಕೂತಲ್ಲೇ ತೀರ್ಪು ಕೊಟ್ಟ: “ಸೌಂಡ್ ಕಾರ್ಡ್ ಹೋಗೈತ್ರಿ ಮೇಡಂ. ಮೊದಲು ಈ ಬಿಟ್ಟಿ ಲಿನಕ್ಸ್ ತೆಗಸ್ರಿ.”

“ಬಿಟ್ಟಿ ಅಲ್ಲಪ್ಪ, ಬಿಚ್ಚಿಟ್ಟದ್ದು. ಅದಕ್ಕ ಹುಡುಕಾಕತ್ತೀನಿ,” ಎಂದು ಹೊರಗೆ ಬಂದರು.

ಎದುರಿನ ಇಂಟರ್ನೆಟ್ ಸೆಂಟರಿನಲ್ಲಿ ತೆರೆದು ನೋಡಿದರೆ, ಲಿನಕ್ಸ್ ಬಳಸುವವರ ಬಳಗಕ್ಕೆ ಅವರು ಬುಧವಾರವೇ ಬರೆದು ಹಾಕಿದ್ದ ಪ್ರಶ್ನೆಗೆ ಯಾರೋ ಕಾಣದ ಊರಿನವರು ಉತ್ತರಿಸಿದ್ದರು: ಕಂಬದ ಕೆಳಗೆ ಎರಡು ಎಂ ಇದ್ದರೆ ಆ ದನಿಯ ಬಾಯಿ ಮುಚ್ಚಿದೆ ಎಂದರ್ಥ, ಎಂ ಕೀಲಿ ಒಮ್ಮೆ ಒತ್ತಿ. ಚೆನ್ನಬಸಮ್ಮನವರು ಲ್ಯಾಪ್‌ಟಾಪ್ ತೆರೆದು ನೋಡಿದರು. ಮೊದಲ ಕಂಬದ ಕೆಳಗೇ ಇತ್ತು. ಹಣೆ ಬಡಿದುಕೊಂಡು, ಪಕ್ಕದವರು ತಿರುಗಿ ನೋಡುವಂತೆ ನಕ್ಕರು. “ಆರು ದಿನ ನೋಡೀನಲೇ! ಕಂಪನಿ ಹೆಸರು, ಇದರಾಗೂ ಬರಸ್ಯಾರ ಅಂದ್ಕೊಂಡಿದ್ದೆ!” ನಾನೂ ಹಾಗೆಯೇ ಅಂದುಕೊಂಡಿದ್ದೆ.

“ಒತ್ರಿ ಟೀಚರ್, ಜಲ್ದಿ,” ಎಂದೆ. ಬೆರಳು ಕೀಲಿಯ ತನಕ ಹೋಗಿ ನಿಂತಿತು.

“ಬ್ಯಾಡ. ಇದನ್ನ ನಿನ್ನ ಮಗಳು ಒತ್ತಬೇಕು.”

ನಿಂತು ಚಹಾ ಕುಡಿಯುವ ಆ ಜೀವ, ಪರಿಹಾರವನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕೀಲಿಯನ್ನೂ ಮುಟ್ಟದೆ, ಸಂಡೂರಿನ ತನಕ ಸುಮ್ಮನೆ ಕೂತು ಬಂತು. ಅವರ ಮೂವತ್ತಾರು ವರ್ಷದ ಸೇವೆಯಲ್ಲಿ ನಾನು ಕಂಡ ಅತಿ ಕಷ್ಟದ ಕೆಲಸ ಅದು.

ಹಾರೈಕೆ ಕೊನೆಯಲ್ಲಿ ಬರಬೇಕೆಂದು ಪಂಪಣ್ಣನವರು ಹೇಳಿದ್ದರು. ಬೇಳೆ ಉಕ್ಕುವ ಹೊತ್ತಾಯಿತು, ಈಗಲೇ ಹೇಳಿಬಿಡುತ್ತೇನೆ. ಚೆನ್ನಬಸಮ್ಮನವರು ನೂರು ವರ್ಷ ಬಾಳಲಿ, ಮಂಡಿನೋವು ಅವರನ್ನು ಕೂರಿಸದಿರಲಿ. ಮಕ್ಕಳ ಕೈಯಲ್ಲಿ ಬಲ್ಬು ಹತ್ತದ ಕಡೆಯಲ್ಲೆಲ್ಲ ‘ಎಲ್ಲೀತನ ಬಂದೈತಿ’ ಎಂಬ ಅವರ ದನಿ ಇರಲಿ.

ಉಳಿದದ್ದು ಸೋಮವಾರ. ತರಗತಿಯ ಮಕ್ಕಳೆಲ್ಲ ಸುತ್ತ ನಿಂತಿದ್ದರು. ನಾನು ದುರ್ಗಾಳ ಕಿವಿಗೆ ಮಷಿನ್ ಹಾಕಿದೆ. ಬೇಡವೆಂದು ತಲೆ ಅಲ್ಲಾಡಿಸಿದಳು, ಆದರೂ ಹಾಕಿದೆ. ಟೀಚರ್ ಅವಳ ಬೆರಳು ಹಿಡಿದು ಎಂ ಕೀಲಿಯ ಮೇಲಿಟ್ಟು ಕೈ ಬಿಟ್ಟರು. ಅವಳು ಒತ್ತಿದಳು. ಎರಡು ಎಂ ಹೋಗಿ ಎರಡು ಸೊನ್ನೆ ಬಂದವು. ಗೆರೆ ಓಡಿತು.

“ಮನಿ,” ಎಂದಿತು ಲ್ಯಾಪ್‌ಟಾಪು, ಟೀಚರ ದನಿಯಲ್ಲಿ.

“ಬಂತು, ಬಂತು!” ಎಂದು ಮಕ್ಕಳು ಕೂಗಿದರು. ದುರ್ಗಾ ಅವರನ್ನು ನೋಡಿದಳು, ನನ್ನನ್ನು ನೋಡಿದಳು, ಕಣ್ಣೊರೆಸಿಕೊಳ್ಳುತ್ತಿದ್ದ ಟೀಚರನ್ನು ನೋಡಿದಳು. ಆಮೇಲೆ, ಯಾರಾದರೂ ಅಣಕಿಸುತ್ತಾರೆಂಬ ಅಂಜಿಕೆಯನ್ನೇ ಮರೆತು, ಇಡೀ ತರಗತಿಗೆ ಕೇಳುವಂತೆ ಕೇಳಿದಳು:

“ಟೀಚರ್, ಇಷ್ಟು ದಿನ ಇದು ನಿಮಗೂ ಕೇಳಿಸ್ತಿರಲಿಲ್ಲೇನ್ರಿ?”