ಮೆಕ್ಯಾನಿಕ್ ಕೈ ಎತ್ತಿದ್ದು ಯಾಕೆ?

ನನಗೆ ಅರವತ್ತೆರಡು ವರ್ಷ, ಮಂಡಿನೋವಿದೆ, ಮತ್ತು ಅಂತರಿಕ್ಷದ ಸಾಹಸ ಚಿತ್ರಗಳ ಹುಚ್ಚಿದೆ. ಮೊದಲ ಎರಡನ್ನು ಹೇಳಿದರೆ ಜನ ಕೂರಲು ಕುರ್ಚಿ ಕೊಡುತ್ತಾರೆ, ಮೂರನೆಯದನ್ನು ಹೇಳಿದರೆ ನಗುತ್ತಾರೆ. ನಗಲಿ. ನನ್ನಂಥವರನ್ನು ಇಂಗ್ಲಿಷಿನವರು ಫ್ಯಾನ್ ಅನ್ನುತ್ತಾರೆ. ಅದು ಕರೆಂಟು ಹೋದರೆ ನಿಂತುಬಿಡುವ ವಸ್ತು. ನಮ್ಮದು ಅಭಿಮಾನಿ. ನಿಘಂಟು ತೆಗೆದು ನೋಡಿ, ಅಭಿಮಾನಕ್ಕೆ ಪ್ರೀತಿ ಅಂತಲೂ ಇದೆ, ಹೆಮ್ಮೆ ಅಂತಲೂ ಇದೆ, ಇನ್ನೂ ಸ್ವಲ್ಪ ಮುಂದೆ ಹೋದರೆ ಅಹಂಕಾರ ಅಂತಲೂ ಇದೆ. ನನ್ನಲ್ಲಿ ಮೂರೂ ಧಾರಾಳವಾಗಿವೆ.

ಈ ಅಭಿಮಾನ ಹುಟ್ಟಿದ್ದು ಶಿವಾಜಿನಗರದ ಒಂದು ಟಾಕೀಸಿನಲ್ಲಿ, ಟೈಪಿಂಗ್ ಕ್ಲಾಸಿಗೆ ಚಕ್ಕರ್ ಹಾಕಿದ ದಿನ. ನಾನು ಜೋಗುಪಾಳ್ಯದ ಕನ್ನಡ ಮೀಡಿಯಂ ಹುಡುಗಿ. ಕ್ಲಾಸಿನಲ್ಲಿ ಪಕ್ಕದ ಮೆಷಿನ್ನಿನ ಶಾಹೀನ್ ಫ್ರೇಜರ್ ಟೌನಿನವಳು, ಕಾನ್ವೆಂಟಿನಲ್ಲಿ ಓದಿದವಳು. ಪರದೆಯ ಮೇಲೆ ನಟರು ಉಸಿರು ಬಿಡದೆ ಇಂಗ್ಲಿಷ್ ಮಾತಾಡುತ್ತಿದ್ದರೆ ಇವಳು ನನ್ನ ಕಿವಿಯಲ್ಲಿ ಕನ್ನಡಕ್ಕೆ ದಖನಿ ಬೆರೆಸಿ ಕಥೆ ಹೇಳುತ್ತಿದ್ದಳು. ಹಿಂದಿನ ಸಾಲಿನವರು ಬೈಯಲಿಲ್ಲ. ಮುಂದಕ್ಕೆ ಬಾಗಿ ಅವರೂ ಕೇಳಿಸಿಕೊಂಡರು.

ಕೊನೆಯಲ್ಲಿ ಗಗನನೌಕೆಯ ಕ್ಯಾಪ್ಟನ್, ಗಟ್ಟಿಗಿತ್ತಿ ಹೆಂಗಸು, ತನ್ನ ಮೆಕ್ಯಾನಿಕ್ಕನನ್ನು ಹಳದಿ ಗ್ರಹವೊಂದರಲ್ಲಿ ಬಿಟ್ಟು ಹಾರಿಹೋಗುತ್ತಾಳೆ. ಯಾಕೆ ಅಂತ ಚಿತ್ರ ಹೇಳುವುದಿಲ್ಲ. ಅವನು ಮರಳಿನಲ್ಲಿ ನಿಂತು ಒಂದು ಕೈ ಎತ್ತಿ ಏನೋ ಕೂಗುತ್ತಾನೆ. ಶಾಹೀನ್ ಪಿಸುಗುಟ್ಟಿದಳು: "ಅವನ ಅಮ್ಮಿಗೆ ಹುಷಾರಿಲ್ಲ ಕಣೇ, ಅಲ್ಲೇ ಇದಾಳೆ. ನೀನು ಹೋಗಿರು, ನಾನು ಆಮೇಲೆ ಬರ್ತೀನಿ ಅಂತಿದಾನೆ." ನಾನು ದಾವಣಿಯ ಸೆರಗು ಒದ್ದೆಯಾಗುವಷ್ಟು ಅತ್ತೆ.

ಆಮೇಲೆ ಮೂರು ಭಾಗಗಳು ಬಂದವು. ಮೆಕ್ಯಾನಿಕ್ ಯಾವುದರಲ್ಲೂ ಬರಲಿಲ್ಲ. ನಾನು ಮಾತ್ರ ಕಾದೆ. ನನ್ನ ಅಳಿಯ ಒಮ್ಮೆ ಆ ದೃಶ್ಯವನ್ನು ಹೆಡ್‌ಫೋನು ಹಾಕಿಕೊಂಡು ಮೂರು ಸಲ ಕೇಳಿ, "ಅತ್ತೆ, ಎಂಜಿನ್ ಸದ್ದಲ್ಲಿ ಅವನು ಕೂಗಿದ್ದು ಯಾರಿಗೂ ಕೇಳ್ಸಲ್ಲ" ಅಂದ. "ನಿಮಗೆ ಕೇಳ್ಸಲ್ಲ" ಅಂದೆ. ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಮೂವತ್ತು ವರ್ಷ ಕೂತು ಊರಿನವರ ಸುಳ್ಳು ಹಿಡಿದವಳು ನಾನು. ಶಾಹೀನಳ ಮಾತನ್ನು ಒಂದು ದಿನವೂ ಅನುಮಾನಿಸಿರಲಿಲ್ಲ.

ಈಗ ಐದನೆಯ ಭಾಗ ಬಂದಿದೆ, ಅದರಲ್ಲಿ ಮೆಕ್ಯಾನಿಕ್ ವಾಪಸು ಬರುತ್ತಾನಂತೆ ಎಂದು ಗೊತ್ತಾದದ್ದೇ ಶಾಹೀನಳಿಗೆ ಫೋನು ಮಾಡಿದೆ. ಕೆ.ಆರ್. ಪುರದ ಮಾಲಿನಲ್ಲಿ ಬೆಳಗಿನ ಆಟಕ್ಕೆ ಇಬ್ಬರೂ ಹೋದೆವು. ಅವಳು ಕನ್ನಡಕ ಮರೆತು ಬಂದಿದ್ದಳು. ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಮಾತುಗಳು ಮೂಡುತ್ತಿದ್ದವು, ಅವನ್ನು ಓದುವ ಸರದಿ ಈಗ ನನ್ನದು.

ಇಂಟರ್ವಲ್ ಆದಮೇಲೆ ಮೆಕ್ಯಾನಿಕ್ ಬಂದ. ಬಿಳಿ ಗಡ್ಡ, ಬಾಗಿದ ಬೆನ್ನು. ಆವತ್ತು ಕೂಗಿದ್ದು ಏನೆಂದು ಕ್ಯಾಪ್ಟನ್ ಕೇಳಿದಳು. ಅವನು ಹೇಳಿದ, ನಾನು ಮನಸ್ಸಿನಲ್ಲೇ ಓದಿಕೊಂಡೆ: ನಿಮ್ಮನ್ನೆಲ್ಲ ಶತ್ರುಗಳಿಗೆ ಹಿಡಿದುಕೊಟ್ಟವನು ನಾನೇ, ಅದು ತಿಳಿದು ನೀನು ನನ್ನನ್ನು ಬಿಟ್ಟುಹೋದೆ, ನೀನು ಹಾಳಾಗಿಹೋಗು ಅಂತ ಕೈ ಎತ್ತಿ ಶಪಿಸಿದೆ.

ಇಷ್ಟು ವರ್ಷ ನಾನು ಪ್ರೀತಿಸಿದ್ದು ಈ ದ್ರೋಹಿಯನ್ನೇ?

ಶಾಹೀನ್ ಮೊಣಕೈಯಿಂದ ತಿವಿದಳು. "ಏನಂತೆ?"

ನಿಜ ಹೇಳಿದರೆ ಅವಳು ಸುಳ್ಳಿಯಾಗುತ್ತಾಳೆ, ನಾನು ಪೆದ್ದಿಯಾಗುತ್ತೇನೆ. ಅದಕ್ಕಿಂತ ಹೆಚ್ಚಾಗಿ, ಟಾಕೀಸಿನ ಆ ಮಧ್ಯಾಹ್ನವನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಕ್ಲೇಮು ವಿಭಾಗದ ಗಂಭೀರ ದನಿಯಲ್ಲಿ ಹೇಳಿದೆ: "ಅವನ ಅಮ್ಮ ತೀರಿಕೊಂಡ್ರಂತೆ. ಕೊನೇವರೆಗೂ ಅವನೇ ನೋಡ್ಕೊಂಡನಂತೆ. ಅದಕ್ಕೇ ಬರೋದು ತಡ ಆಯ್ತಂತೆ."

ಶಾಹೀನ್ ಮುಖ ತಗ್ಗಿಸಿದಳು. ಅಳುತ್ತಿದ್ದಾಳೇನೋ ಅಂತ ನೋಡಿದರೆ ಅವಳ ಭುಜ ನಗುವಿಗೆ ಕುಲುಕುತ್ತಿತ್ತು. "ಕನ್ನಡಕ ಮನೇಲಿದೆ ವಸಂತಾ. ಕಿವಿ ಇಲ್ಲೇ ಇದೆ."

ನಾಚಿಕೆಯಾಯಿತು. ಕಾನ್ವೆಂಟಿನವಳಿಗೆ ಇಂಗ್ಲಿಷ್ ಕೇಳಿದರೆ ತಿಳಿಯುತ್ತದೆ ಅನ್ನುವುದೇ ಮರೆತಿದ್ದೆ. ಹೊರಗೆ ಬಂದು ಕಾಫಿ ಹಿಡಿದು ಕೂತಾಗ ಕೇಳಿಯೇಬಿಟ್ಟೆ. "ಹಾಗಾದ್ರೆ ಆವತ್ತು ನಿಂಗೆ ಕೇಳ್ಸಿದ್ದೇನು?"

"ಅರೇ, ಆ ಗದ್ದಲದಲ್ಲಿ ನಂಗೇನು ಕೇಳ್ಸುತ್ತೆ? ಅವನು ಕೈ ಎತ್ತಿದ್ದೇ ತಡ, ನೀನು ಅಳೋಕೆ ಶುರು ಮಾಡ್ಬಿಟ್ಟೆ. ಯಾಕಳ್ತಿದೀಯ ಅಂತ ನಿಂಗೇ ಗೊತ್ತಿರ್ಲಿಲ್ಲ. ಅದಕ್ಕೊಂದು ಕಾರಣ ಬೇಕಿತ್ತಲ್ಲ, ಹೇಳ್ದೆ."

ಕೋಪ ಬರಬೇಕಿತ್ತು, ಬರಲಿಲ್ಲ. ಬದಲಿಗೆ ಇವಳ ಮೇಲೆ ಎಂಥದೋ ಪ್ರೀತಿ ಉಕ್ಕಿಬಂತು. ನನ್ನ ಅಳುವಿಗೆ ಹೊಂದುವ ಕಥೆಯನ್ನು ಕತ್ತಲಲ್ಲೇ ಅಳತೆ ತೆಗೆದು ಹೊಲಿದುಕೊಟ್ಟಿದ್ದಳು.

ಚಿತ್ರ ಹೇಗಿದೆ ಅಂತ ನೀವು ಕೇಳಬಹುದು. ಚೆನ್ನಾಗಿದೆ, ಹೋಗಿ ನೋಡಿ. ಯುದ್ಧಗಳು ಜೋರಾಗಿವೆ, ಕ್ಯಾಪ್ಟನ್ನಿಗೆ ವಯಸ್ಸಾದರೂ ಗತ್ತು ಹೋಗಿಲ್ಲ. ಒಂದೇ ಕೊರತೆ: ಕಥೆ ಬರೆದವರಿಗೆ ಮೊದಲ ಭಾಗ ಸರಿಯಾಗಿ ಅರ್ಥವಾಗಿಲ್ಲ.