ಡೀಸೆಲ್ ಬಿದ್ದ ಹಿಪ್ಪುನೇರಳೆ ಸಾಲು

ಕೆಸರು ಉಗುಳುವ ಜ್ವಾಲಾಮುಖಿಗಳ ಬಗ್ಗೆ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನೆಲದಾಳದಿಂದ ಕೆಸರಿನ ಜೊತೆ ಉಕ್ಕುವ ಎಣ್ಣೆಯನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ತಿಂದು ಬದುಕುತ್ತವೆ. ಅಂಥ ಒಂದು ಜ್ವಾಲಾಮುಖಿಯನ್ನೂ ನಾನು ಕಣ್ಣಾರೆ ಕಂಡಿಲ್ಲ.

ಕಳೆದ ವರ್ಷ ನಮ್ಮೂರು ಅಕ್ಕೂರಿನಲ್ಲಿ ಟಿಲ್ಲರಿಗೆ ಡೀಸೆಲ್ ತುಂಬಲು ಹೋಗಿ, ಅತ್ತಿಗೆಯ ಹಿಪ್ಪುನೇರಳೆ ಸಾಲಿನ ಮೇಲೆ ಕ್ಯಾನು ಉರುಳಿಸಿ ಸೊಪ್ಪೆಲ್ಲ ತೋಯಿಸಿದೆ. ಅವರ ರೇಷ್ಮೆಹುಳುಗಳು ಆಗಷ್ಟೇ ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದು ಹಸಿದಿದ್ದವು. ಬೈಸಿಕೊಳ್ಳುವ ಭಯಕ್ಕೆ ಪಾಠ ಶುರುಮಾಡಿದೆ: ಎಣ್ಣೆ ತಿನ್ನುವ ಜೀವಿಗಳು ನಮ್ಮ ಮಣ್ಣಲ್ಲೂ ಇವೆ, ಚಿಂತೆ ಬೇಡ.

"ಎಷ್ಟ್ ದಿನಕ್ಕೆ ತಿಂದು ಮುಗುಸ್ತವೆ?" ಎಂದರು ಅತ್ತಿಗೆ.

ತಿಂಗಳುಗಟ್ಟಲೆ ಬೇಕೆಂದು ಗೊತ್ತಿತ್ತು. "ನಾಳೆ ಹೊತ್ತಿಗೆ. ಸೊಪ್ಪು ತೊಳೆದರೆ ಸಾಕು," ಎಂದುಬಿಟ್ಟೆ.

ತಲೆಗೆ ಎಣ್ಣೆ ಹಚ್ಚಿದವರನ್ನೂ ಹುಳುಮನೆಯೊಳಗೆ ಬಿಡದ ಅತ್ತಿಗೆ, ನನ್ನ ಓದನ್ನು ನಂಬಿ ಮರುದಿನ ಆ ಸೊಪ್ಪನ್ನೇ ತೊಳೆದು ಹಾಕಿದರು. ಹೆಚ್ಚಿನ ಹುಳುಗಳು ಸೊಪ್ಪು ಮುಟ್ಟದೆ ತಲೆಯೆತ್ತಿಕೊಂಡೇ ಉಳಿದವು. ತಿಂದ ಹುಳುಗಳು ಸಂಜೆಗೆ ಸತ್ತವು.

ಪಕ್ಕದ ಮನೆಯಾಕೆ ಬಂದು ಏನಾಯಿತೆಂದು ಕೇಳಿದರು. ನಾನು ಬಾಗಿಲಲ್ಲೇ ನಿಂತಿದ್ದೆ.

"ಸೊಪ್ಪು ಒಸಿ ಬಲ್ತೋಗಿತ್ತು ಕಣಕ್ಕ, ನಂದೇ ತಪ್ಪು," ಎಂದರು ಅತ್ತಿಗೆ.

ದಿನವಿಡೀ ಪಾಠ ಒದರುವ ನನ್ನ ದರಿದ್ರ ಬಾಯಿ ಆಗ ಮಾತ್ರ ಬಿಚ್ಚಲಿಲ್ಲ.