ರಿಪೇರಿ ಇಲ್ಲದ ಊರು

ಬಂದಿಳಿದ ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಬೀದಿಬದಿಯಲ್ಲಿ ಒಂದು ಫ್ರಿಜ್, ಎರಡು ಸೋಫಾ, ಮೈಮೇಲೆ ಗೀರು ಕೂಡ ಇಲ್ಲದ ಒಂದು ವಾಷಿಂಗ್ ಮಷಿನ್ ಸಾಲಾಗಿ ನಿಂತಿದ್ದವು. ಯಾರನ್ನೋ ಮನೆ ಬಿಡಿಸಿ ಸಾಮಾನು ಹೊರಗೆ ಹಾಕಿದ್ದಾರೆ ಎಂದುಕೊಂಡೆ. ಹಾಗೇನಿರಲಿಲ್ಲ, ಅದು ಕಸ. ಇಲ್ಲಿನ ಡಚ್ ಭಾಷೆಯಲ್ಲಿ ‘ಖ್ರೋಫ್‌ಫೌಲ್’, ಅಂದರೆ ದೊಡ್ಡ ಕಸ. ಗಾಡಿ ಬಂದು ಎತ್ತಿಕೊಂಡು ಹೋಗುತ್ತದೆ. ನನ್ನ ಗಂಡ ಶಿವರಾಜ ಆ ಮಷಿನ್ನಿನ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿ, “ಏನೂ ಆಗಿಲ್ಲ ಇದಕ್ಕ. ಬೇರಿಂಗ್ ಹೋಗ್ಯಾವ, ಅಷ್ಟ” ಅಂದರು.

ಬೀದರದ ಚಿದ್ರಿಯಲ್ಲಿ ಅವರದು ಮೋಟರ್ ವೈಂಡಿಂಗ್ ಅಂಗಡಿ. ಭಾಲ್ಕಿ, ಔರಾದ, ಠಾಣಾ ಕುಶನೂರ ಕಡೆಯ ರೈತರು ಸುಟ್ಟುಹೋದ ಪಂಪಿನ ಮೋಟರನ್ನು ಬಸ್ಸಿನಲ್ಲಿ ಹಾಕಿಕೊಂಡು ಬರುತ್ತಿದ್ದರು. ಒಳಗಿನ ಕರಕಲು ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಟ್ಟರೆ ಅದೇ ಮೋಟರು ಮತ್ತೆ ನೀರೆತ್ತುತ್ತಿತ್ತು. ನನಗೆ ನೆದರ್ಲೆಂಡ್ಸಿನ ಲೈಡನ್ ಊರಿನಲ್ಲಿ ಸಂಶೋಧನೆಯ ಕೆಲಸ ಸಿಕ್ಕಾಗ ಅವರು ಅಂಗಡಿಗೆ ಬೀಗ ಹಾಕಿ ಜೊತೆಗೆ ಹೊರಟರು. ಹೊರಡುವಾಗ ಇಬ್ಬರಲ್ಲಿ ಒಂದು ಮಾತಾಗಿತ್ತು. ಒಂದು ಚಳಿಗಾಲ ನೋಡೋಣ, ಹೊಂದಿಕೆಯಾದರೆ ಇಬ್ಬರೂ ಅಲ್ಲೇ, ಇಲ್ಲವಾದರೆ ಇಬ್ಬರೂ ವಾಪಸ್.

ಮನೆ ಅಟ್ಟದ ಮೇಲೆ. ಮೆಟ್ಟಿಲು ಎಷ್ಟು ಕಡಿದೆಂದರೆ ಅಕ್ಕಿ ಚೀಲ ಹೊತ್ತು ಹತ್ತುವಾಗ ಒಂದು ಕೈ ಗೋಡೆಗೇ ಬೇಕು. ಮಧ್ಯಾಹ್ನ ಇಲ್ಲಿನವರು ತಣ್ಣಗಿನ ಬ್ರೆಡ್ಡಿಗೆ ಚೀಸ್ ಇಟ್ಟು ತಿಂದು ಊಟವಾಯಿತು ಅನ್ನುತ್ತಾರೆ. ಜೋಳದ ಹಿಟ್ಟು ಸಿಕ್ಕ ದಿನ ನಾನು ರೊಟ್ಟಿ ಬಡಿದೆ, ಕೆಳಗಿನ ಮನೆಯ ಹೆಂಗಸು ಮೇಲೆ ಬಂದು ಗೋಡೆಗೆ ಏನು ಹೊಡೆಯುತ್ತಿದ್ದೀರಿ ಎಂದು ಕೇಳಿದಳು. ಯಾರನ್ನು ನೋಡಬೇಕಾದರೂ ‘ಆಫ್‌ಸ್ಪ್ರಾಕ್’ ಬೇಕು, ಮೊದಲೇ ಗೊತ್ತುಮಾಡಿದ ಹೊತ್ತು. ಚಿದ್ರಿಯಲ್ಲಿ ಒಲೆ ಮೇಲೆ ಹಾಲಿಟ್ಟಾಗಲೇ ಪಕ್ಕದ ಮನೆಯ ಫಾತಿಮಾ ಆಪಾ ಒಳಗೆ ಬಂದಿರುತ್ತಿದ್ದರು. ಆಗ ಅದು ನನಗೆ ಕಿರಿಕಿರಿ ಅನ್ನಿಸುತ್ತಿತ್ತು.

ನನ್ನ ಕೆಲಸ ಜೋಡಿ ನಕ್ಷತ್ರಗಳದು. ಸತ್ತು ಕುಗ್ಗಿದ ಒಂದು ನಕ್ಷತ್ರ, ಬೀದರದಿಂದ ಭಾಲ್ಕಿಗೆ ಅರ್ಧ ದಾರಿಯಷ್ಟೇ ಅಗಲ. ಅದಕ್ಕೆ ಅಂಟಿಕೊಂಡಂತೆ ಸುತ್ತುವ ಇನ್ನೊಂದು. ಒಂದು ಸುತ್ತಿಗೆ ಒಂದು ಗಂಟೆಯೂ ಹಿಡಿಯುವುದಿಲ್ಲ. ಕುಗ್ಗಿದ್ದು ಜೊತೆಯದರ ಅನಿಲ ಎಳೆದುಕೊಳ್ಳುತ್ತದೆ, ಆ ಅನಿಲ ಬೀಳುತ್ತ ಕಾದು ಎಕ್ಸ್‌ಕಿರಣ ಚೆಲ್ಲುತ್ತದೆ. ನಮಗೆ ಕಂಡಿರುವ ಜೋಡಿಗಳು ಕೆಲವೇ, ಕಾಣದವು ಬಹಳ. ಆಕಾಶಗಂಗೆಯಲ್ಲಿ ಒಟ್ಟು ಎಷ್ಟಿರಬಹುದು, ಅವು ಹೇಗೆ ಹುಟ್ಟಿ ಏನಾಗುತ್ತವೆ ಎಂದು ಕಂಪ್ಯೂಟರಿನಲ್ಲಿ ಅಂದಾಜು ಕಟ್ಟುವುದು ನನ್ನ ಪಾಲಿನದು.

ಒಂದು ಸಂಜೆ ಇದನ್ನೆಲ್ಲ ಗಂಡನಿಗೆ ಹೇಳಿದೆ. ಅವರು ಕೇಳಿದರು: “ಕೊಡೂ ನಕ್ಷತ್ರ ಏನಾಗ್ತದ?”

“ಕೊಟ್ಟಂಗ ಹಗುರ ಆಗ್ತದರಿ. ಹಗುರ ಆದಂಗ ದೂರ ಸರೀತದ.”

“ಹೂಂ” ಅಂದು ಕಿಟಕಿಯ ಕಡೆ ತಿರುಗಿದರು.

ಅವರಿಗೆ ಕೆಲಸ ಸಿಕ್ಕಿತು. ಗೋದಾಮಿನಲ್ಲಿ ಡಬ್ಬಿಗೆ ಚೀಟಿ ಅಂಟಿಸುವುದು. ಮೋಟರು ಸುಟ್ಟರೆ ಇಲ್ಲಿ ಯಾರೂ ಸುತ್ತಿಸುವುದಿಲ್ಲ, ಎಸೆದು ಹೊಸದು ತರುತ್ತಾರೆ. ಹೀಗಿರುವಾಗ ಕೆಳಗಿನ ಮನೆಯವಳು ತನ್ನ ಧೂಳು ಎಳೆಯುವ ಯಂತ್ರವನ್ನು ಹೊರಗಿಟ್ಟಳು. ಇವರು ಅದನ್ನು ಮೇಲೆ ತಂದು, ಬಿಚ್ಚಿ, ಮೋಟರಿನ ಸವೆದ ಕಾರ್ಬನ್ ತುಂಡು ಬದಲಿಸಿ, ಒರೆಸಿ, ಅವಳ ಬಾಗಿಲು ತಟ್ಟಿ ಕೈಗೆ ಕೊಡಲು ಹೋದರು. ನಮ್ಮಲ್ಲಾಗಿದ್ದರೆ ಕೂಡಿಸಿ ಚಹಾ ಕೊಡುತ್ತಿದ್ದರು. ಅವಳು ಅದನ್ನು ಮುಟ್ಟಲೇ ಇಲ್ಲ. ಹೊಸದು ಆಗಲೇ ತಂದಿದ್ದಳು.

ಎರಡು ದಿನ ಬಿಟ್ಟು ಮನೆ ಮಾಲೀಕರ ಕಡೆಯವನೊಬ್ಬ ಬಂದ. ಬಹಳ ನಯವಾಗಿ, ಶಿವರಾಜರಿಗೆ ಹೇಳದೆ ನನಗೆ ಹೇಳಿದ, ನಿಮ್ಮ ಗಂಡ ಕಸ ಕೆದಕದಂತೆ ನೋಡಿಕೊಳ್ಳಿ, ಏನಾದರೂ ಬೇಕಿದ್ದರೆ ಬಡವರಿಗೆ ಕೊಡುವ ಅಂಗಡಿಯ ವಿಳಾಸ ಕೊಡುತ್ತೇನೆ. ನನ್ನ ಮೈ ಉರಿಯಿತು. ಆದರೂ ಥ್ಯಾಂಕ್ಸ್ ಹೇಳಿ ಕಳಿಸಿದೆ.

“ಏನಂದ?” ಎಂದು ಕೇಳಿದರು.

“ಏನಿಲ್ರಿ. ಹೊರಗಿಟ್ಟಿದ್ದು ಮುಟ್ಟಬ್ಯಾಡ್ರಿ ಅಂತ.”

“ಕಳ್ಳ ಅಂದನೇನು?”

“ಇಲ್ಲರಿ.”

“ಹಂಗಾದ್ರ ಭಿಕ್ಷುಕ ಅಂದಾನ” ಅಂದರು. ಸ್ಕ್ರೂ ಡ್ರೈವರುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿಟ್ಟರು.

ಅದೇ ವಾರ ನನ್ನ ಲೇಖನ ಒಪ್ಪಿಗೆಯಾಯಿತು, ಕೆಲಸವನ್ನು ಎರಡು ವರ್ಷ ಮುಂದುವರಿಸುತ್ತೇವೆ ಎಂದು ಆಫೀಸಿನವರು ಹೇಳಿದರು. ಇಲ್ಲಿ ಖುಷಿ ಯಾರದೋ ಅವರೇ ಎಲ್ಲರಿಗೂ ಕೇಕು ತರಬೇಕು. ನಾನೂ ತಂದು ಹಂಚಿದೆ, ಉಳಿದದ್ದನ್ನು ಮನೆಗೆ ಒಯ್ದೆ. ಶಿವರಾಜ ತಿಂದು, “ಛಲೋ ಆತು” ಅಂದರು. ಆಮೇಲೆ, “ನೀ ಇರು. ನಾ ಹೋಗ್ತೇನಿ.”

“ಇಬ್ರೂ ಅಂತ ಮಾತಾಗಿತ್ತಲ್ರಿ.”

“ನೀ ಬಾ ಅಂದ್ರ ನಾಳಿ ಅದು ನನ್ನ ಮ್ಯಾಲ ಬರ್ತದ. ನಾ ಇರ್ತೇನಿ ಅಂದ್ರ ನನ್ನ ಇಜ್ಜತ್ ಇಲ್ಲೇ ಕಸದಾಗ ಹೋಗ್ತದ. ಯಾಕ ಬೇಕು?”

ಬಾ ಅಂತ ಅವರು ಒಂದು ಸಲ ಅನ್ನಬಹುದಿತ್ತು. ಅದಕ್ಕೆ ಇಂದಿಗೂ ನನಗೆ ಅವರ ಮೇಲೆ ಸಿಟ್ಟಿದೆ. ಇರ್ರಿ ಅಂತ ನಾನೂ ಅನ್ನಲಿಲ್ಲ. ಆ ಸಿಟ್ಟು ಯಾರ ಮೇಲೆ ಹಾಕಬೇಕೋ ತಿಳಿಯುವುದಿಲ್ಲ.

ಅವರು ಹೋದರು, ಚಿದ್ರಿಯ ಅಂಗಡಿ ಮತ್ತೆ ತೆರೆಯಿತು. ಫೋನು ಮಾಡಿದರೆ ಹಿಂದೆ ಗದ್ದಲ, “ಗಿರಾಕಿ ಬಂದಾರ, ಇಡ್ತೇನಿ” ಅನ್ನುತ್ತಾರೆ. ಲೈಡನ್ನಿನಲ್ಲಿ ಅವರ ದನಿ ಇಷ್ಟು ಗಟ್ಟಿಯಾಗಿ ಕೇಳಿದ್ದೇ ಇಲ್ಲ. ನಾನೀಗ ಡಚ್ ಭಾಷೆಯಲ್ಲಿ ತರಕಾರಿ ಚೌಕಾಸಿ ಮಾಡಬಲ್ಲೆ, ಚಳಿಗೆ ಯಾವ ಕೋಟು ಎಂದು ಹೊಸಬರಿಗೆ ಹೇಳಬಲ್ಲೆ. ನೀವು ಇಲ್ಲಿಯವರೇ ಆಗಿಬಿಟ್ಟಿರಿ ಎಂದು ಆಫೀಸಿನವರು ಹೊಗಳುತ್ತಾರೆ, ನನಗೆ ಅದು ಬೈದಂತೆ ಕೇಳುತ್ತದೆ.

ಕಳೆದ ರಜೆಗೆ ಬೀದರಕ್ಕೆ ಹೋಗಿದ್ದೆ. ಬ್ಯಾಗು ಇಟ್ಟು ನೇರ ಅಡುಗೆಮನೆಗೆ ನಡೆದೆ. ಡಬ್ಬಿಗಳೆಲ್ಲ ಜಾಗ ಬದಲಾಗಿದ್ದವು. “ಚಹಾಪತ್ತಿ ಎಲ್ಲಿಟ್ಟೀರಿ?” ಎಂದು ಕೂಗಿದೆ.

ಅವರು ಒಳಗೆ ಬಂದು, “ನೀ ದಣಿದಿರ್ತಿ, ಕೂಡು” ಅಂದು ಕುರ್ಚಿ ಎಳೆದರು. ತಾವೇ ಚಹಾ ಮಾಡಿ, ಕಪ್ಪನ್ನು ಬಸಿಯ ಮೇಲಿಟ್ಟು, ಎರಡೂ ಕೈಯಿಂದ ತಂದುಕೊಟ್ಟು ಎದುರಿಗೆ ಕೂತರು.

“ಎಷ್ಟ್ ದಿನ ಇರ್ತಿ?” ಎಂದು ಕೇಳಿದರು.

ಉತ್ತರ ಸಿದ್ಧವಿತ್ತು. ವಾಪಸ್ ಟಿಕೆಟನ್ನು ಬರುವಾಗಲೇ ತೆಗೆದಿದ್ದೆ.